ಟೇಪಣ್ಣ ಕಾಪಾಡಿದ ಸೊನ್ನೆಗಳು

ನದಿ ಮಾಪನ ಕಚೇರಿಯಲ್ಲಿ ಟೇಪಣ್ಣನಿಗಿದ್ದ ಕೆಲಸ ಒಂದೇ, ನಕಲು ಮಾಡುವುದು. ಮೂವತ್ತನಾಲ್ಕು ವರ್ಷ ಅದನ್ನೇ ಮಾಡಿದ. ನದಿಯಲ್ಲಿ ಗಂಟೆಗಂಟೆಗೂ ನೀರು ಎಷ್ಟು ಎತ್ತರವಿತ್ತು ಎಂಬ ದಾಖಲೆ ಟೇಪಿನಲ್ಲಿರುತ್ತಿತ್ತು. ಆ ಟೇಪು ಹಳತಾಗುವ ಮೊದಲು ಅದನ್ನು ಹೊಸ ಟೇಪಿಗೆ ದಾಟಿಸಬೇಕು. ದಾಟಿಸಿದ್ದನ್ನು ಯಾರಾದರೂ ಓದುತ್ತಾರೆಯೇ ಎಂದು ಕೇಳುವಷ್ಟು ಒರಟು ಜನ ಆ ಕಚೇರಿಯಲ್ಲಿರಲಿಲ್ಲ.

ಅವನು ಸೇರಿದಾಗ ಟೇಪೆಂದರೆ ಊಟದ ತಟ್ಟೆಯಷ್ಟಗಲದ ಸುರುಳಿ. ತುದಿಯನ್ನು ಬೆರಳಲ್ಲಿ ಹಿಡಿದು ಯಂತ್ರದ ಸಂದುಗಳಲ್ಲಿ ಪೋಣಿಸಬೇಕಿತ್ತು. ಬೆವರಿದ ಕೈ ತಾಗಿದರೆ ಬೈಗುಳ ಕಟ್ಟಿಟ್ಟದ್ದು. ಆಗ ಮೂರು ಕೋಣೆ, ಒಂಬತ್ತು ಜನ. ಆಮೇಲೆ ಅಂಗೈಯಗಲದ ಚೌಕ ಪೆಟ್ಟಿಗೆ ಬಂತು, ಅದಕ್ಕೆ ಕಾರ್ಟ್ರಿಡ್ಜ್ ಎಂದರು. ಒಳಗೆ ಒಂದೇ ಸುರುಳಿ. ಬಾಯಿಗೆ ತುರುಕಿದರೆ ಸಾಕು, ಯಂತ್ರವೇ ತುದಿ ಹುಡುಕಿ ಎಳೆದುಕೊಳ್ಳುತ್ತಿತ್ತು. ಮುಂದೆ ಬಂದ ಯಂತ್ರಗಳು ಅಷ್ಟೇ ಅಗಲದ ಟೇಪಿನ ಮೇಲೆ ಉಳುವ ಎತ್ತಿನಂತೆ ಹೋಗಿ ಬಂದು, ಹೋಗಿ ಬಂದು, ಗೆರೆಗಳನ್ನು ಇನ್ನೂ ಇನ್ನೂ ಸಣ್ಣಗೆ ಬರೆದವು. ಒಂದೊಂದು ತಲೆಮಾರಿಗೂ ಹಿಂದಿನದರ ಎರಡು ಪಟ್ಟು ಹಿಡಿಯುತ್ತಿತ್ತು. ತೊಂದರೆ ಏನೆಂದರೆ, ಹೊಸ ಯಂತ್ರಕ್ಕೆ ಅಪ್ಪನ ಕಾಲದ ಟೇಪು, ಅಜ್ಜನ ಕಾಲದ ಟೇಪು ಓದಲು ಬರುತ್ತಿತ್ತು, ಮುತ್ತಜ್ಜನದು ಬರುತ್ತಿರಲಿಲ್ಲ. ಆದ್ದರಿಂದ ಕೆಲವು ವರ್ಷಕ್ಕೊಮ್ಮೆ ಎಲ್ಲವನ್ನೂ ಮತ್ತೆ ನಕಲು ಮಾಡಬೇಕಿತ್ತು.

ಟೇಪಣ್ಣ ನಿಷ್ಠೆಯಿಂದ ದುಡಿದಷ್ಟೂ ಅವನ ವಿಭಾಗ ಸೊರಗುತ್ತ ಬಂತು. ಮೂರು ಕೋಣೆ ಒಂದಾಯಿತು, ಒಂದು ಕೋಣೆ ಒಂದು ಕಪಾಟಾಯಿತು, ಒಂಬತ್ತು ಜನರಲ್ಲಿ ಅವನೊಬ್ಬ ಉಳಿದ. ನಿವೃತ್ತಿಗೆ ಒಂದು ವಾರವಿದ್ದಾಗ ಇಡೀ ನದಿ ಅವನ ಕೋಟಿನ ಜೇಬಿಗೆ ಹಿಡಿಸುತ್ತಿತ್ತು. ಕಚೇರಿಯವರು ಅವನಿಗೊಂದು ಹಿತ್ತಾಳೆ ಫಲಕ ಕೆತ್ತಿಸಿದ್ದರು: 'ಮೂವತ್ತನಾಲ್ಕು ವರ್ಷ, ಒಂದು ಅಂಕಿಯೂ ಕಳೆಯಲಿಲ್ಲ.' ಅದನ್ನು ತೂಗುಹಾಕಲು ಟೇಪಣ್ಣ ಮನೆಯಲ್ಲಿ ತನ್ನ ಮದುವೆಯ ಫೋಟೋವನ್ನೇ ಮೊಳೆಯಿಂದ ಇಳಿಸಿಟ್ಟಿದ್ದ. ಅಷ್ಟು ಆಸೆ.

ಅಂಥ ಹೊತ್ತಿನಲ್ಲಿ ಸೇತುವೆ ಕಟ್ಟುವ ಎಂಜಿನಿಯರು ಬಂದಳು.

"ದೊಡ್ಡ ನೆರೆ ಬಂದ ವರ್ಷ ನೀರು ಎಲ್ಲಿವರೆಗೆ ಏರಿತ್ತು ಅಂತ ಬೇಕಿತ್ತು. ಸೇತುವೆ ಅದಕ್ಕಿಂತ ಮೇಲಿರಬೇಕು."

ಮೂವತ್ತನಾಲ್ಕು ವರ್ಷದಲ್ಲಿ ಯಾರಾದರೂ ಏನಾದರೂ ಕೇಳಿದ್ದು ಇದೇ ಮೊದಲು. ಟೇಪಣ್ಣ ತಲೆ ಬಾಚಿಕೊಂಡು ಬಂದ. ಆ ವರ್ಷದ ದಾಖಲೆ ಅವನ ಕಣ್ಮಣಿ. 'ಅಳಿಸಬಾರದು' ಎಂಬ ಕೆಂಪು ಚೀಟಿ ಅಂಟಿಸಿದ್ದ ಟೇಪು ಅದು. ಪ್ರತಿ ಸಲವೂ ಅದನ್ನೇ ಮೊದಲು ದಾಟಿಸಿ, ನಕಲು ಮೂಲದಂತೆಯೇ ಇದೆಯೇ ಎಂದು ಯಂತ್ರದಲ್ಲೇ ಎರಡು ಬಾರಿ ತಾಳೆ ನೋಡಿದ್ದ. ಟೇಪಿದೆಯಲ್ಲ ಎಂದು ಕಾಗದದ ಮೂಲ ಪುಸ್ತಕಗಳನ್ನು ಕಚೇರಿ ಎಂದೋ ರದ್ದಿಗೆ ಹಾಕಿತ್ತು.

ಯಂತ್ರ ಗುಯ್‌ಗುಟ್ಟಿತು, ಹಾಳೆ ಹೊರಬಂತು. ಜನವರಿ ಒಂದರಿಂದ ಡಿಸೆಂಬರ್ ಮೂವತ್ತೊಂದರವರೆಗೆ ಬರೀ ಸೊನ್ನೆ.

ಟೇಪಣ್ಣನಿಗೆ ಆಗ ನೆನಪಾಯಿತು. ಕೆಲಸಕ್ಕೆ ಸೇರಿದ ಮೊದಲ ದಿನ ಅವನ ಕೈಗೆ ಎರಡು ಸುರುಳಿ, ಎರಡು ಚೀಟಿ ಕೊಟ್ಟಿದ್ದರು. ಒಂದರಲ್ಲಿ ನೆರೆಯ ವರ್ಷ. ಇನ್ನೊಂದರಲ್ಲಿ ಯಂತ್ರ ಪರೀಕ್ಷಿಸಲು ತುಂಬಿಸಿದ ಸೊನ್ನೆಗಳು. ಹೊಸ ಕೆಲಸದ ಹುರುಪಿನಲ್ಲಿ ಅವನು ಚೀಟಿ ಅದಲುಬದಲು ಅಂಟಿಸಿದ್ದ. 'ಪರೀಕ್ಷೆಗೆ' ಎಂಬ ಚೀಟಿ ಹೊತ್ತ ನೆರೆಯ ವರ್ಷವನ್ನು ಮರುದಿನ ಬೆಳಿಗ್ಗೆಯೇ ಅಳಿಸಿರಬೇಕು. ಅಂದಿನಿಂದ ಏಳು ತಲೆಮಾರು ಅವನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದು ಸೊನ್ನೆಗಳನ್ನು.

ಮೇಲಧಿಕಾರಿ ಹಾಳೆ ನೋಡಿದರು. "ನಕಲು ಮೂಲಕ್ಕೆ ತಾಳೆ ಆಗುತ್ತಾ?"

"ಏಳು ಸಲವೂ ಆಗಿದೆ ಸರ್."

"ಮತ್ತಿನ್ನೇನು? ಆ ವರ್ಷ ನದಿ ಬತ್ತಿತ್ತು ಅಂತ ಬರೆದು ಸಹಿ ಹಾಕಿ."

"ಸರ್, ಅದು ನೆರೆ ಬಂದ ವರ್ಷ. ನಮ್ಮ ಮನೆ ಒಳಗೇ ನೀರು ಬಂದಿತ್ತು."

"ನಿಮ್ಮ ಮನೆ ನಮ್ಮ ದಾಖಲೆಯಲ್ಲಿ ಇಲ್ವಲ್ಲ. ಫಲಕ ಬೇರೆ ಕೆತ್ತಿಸಿ ಆಗಿದೆ."

ಟೇಪಣ್ಣ ಪೆನ್ನು ಹಿಡಿದ. ಸಹಿ ಹಾಕಿದರೆ ಫಲಕ ತನ್ನದು. ಸೇತುವೆ ತಗ್ಗಾಗುತ್ತದೆ, ನೀರು ಎಂದಾದರೂ ಮತ್ತೆ ಬರುತ್ತದೆ, ಆಗ ಅದರ ಮೇಲೆ ಯಾರಿರುತ್ತಾರೋ. ನೆರೆ ಬಂದಾಗ ಅವನಿಗೆ ಆರು ವರ್ಷ. ಹದಿನಾಲ್ಕರ ಅಕ್ಕ ಅವನನ್ನು ಹೆಗಲ ಮೇಲೆ ಹೊತ್ತು ನಿಂತಿದ್ದಳು. ಪೆನ್ನು ಕೆಳಗಿಟ್ಟು ಎಂಜಿನಿಯರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟ.

ಅವಳು ಬೈಯಲಿಲ್ಲ. "ಯಾವುದಾದ್ರೂ ಗೋಡೆ ಮೇಲೆ ನೀರಿನ ಗುರುತು ಉಳಿದಿದ್ಯಾ? ಇದ್ರೆ ಅಲ್ಲಿಂದ ಎತ್ತರ ತೆಗೀಬಹುದು."

ಇತ್ತು. ನದಿಯಂಚಿನ ಅದೇ ಮನೆಯಲ್ಲಿ ಅಕ್ಕ ಈಗಲೂ ಇದ್ದಳು. ಅವಳ ಅಡುಗೆಮನೆಯ ಗೋಡೆಯಲ್ಲಿ, ನೀರಿಳಿದ ದಿನ ಅಮ್ಮ ಇದ್ದಿಲಲ್ಲಿ ಎಳೆದ ಗೆರೆಯಿತ್ತು. ಎಂಜಿನಿಯರು ಉಪಕರಣ ಹೂಡಿ ಎತ್ತರ ಹೇಳಿದಳು, ಟೇಪಣ್ಣ ಬರೆದುಕೊಂಡ. ಬರೆಯುತ್ತಿದ್ದ ಹಾಗೆ ಕಸುಬಿನ ಚಾಳಿ ತಲೆ ಎತ್ತಿತು.

"ಅಕ್ಕ, ಸುಣ್ಣ ಹೊಡೆದಾಗ ಗೆರೆ ಮುಚ್ಚಿಹೋಗಲ್ವಾ?"

"ಹೋಗುತ್ತೆ. ಒಣಗಿದ ಮೇಲೆ ನಾನೇ ಎಳೀತೀನಿ. ಇಲ್ಲೀವರೆಗೆ ಹನ್ನೊಂದು ಸಲ."

"ಮೊದಲಿನ ಜಾಗಕ್ಕೆ ತಾಳೆ ನೋಡ್ತಿದ್ಯಾ?"

"ತಾಳೆ ಏನು ನೋಡೋದು? ಪ್ರತಿ ಸಲ ಒಂದು ಬೆರಳು ಮೇಲೇ ಎಳೀತಿದ್ದೆ."

ಟೇಪಣ್ಣ ತಲೆ ಮೇಲೆ ಕೈ ಹೊತ್ತ. "ಯಾಕಕ್ಕ?"

"ಆವತ್ತು ನೀರು ನನ್ನ ಗಲ್ಲದ ತನಕ ಬಂದಿತ್ತು ಕಣೋ. ನೀನು ಹೆಗಲ ಮೇಲೆ ಅಳ್ತಾ ಇದ್ದೆ. ಇನ್ನೊಂದು ಬೆರಳು ಏರಿದ್ರೆ ಇವನನ್ನ ಎಲ್ಲಿ ಇಡ್ಲಿ ಅಂತ ಹೆದರಿದ್ದು ಈಗಲೂ ಹೋಗಿಲ್ಲ. ಅದಕ್ಕೇ."

ತನ್ನ ಏಳು ನಕಲಿನಲ್ಲಿ ಒಂದೂ ತಪ್ಪಿಲ್ಲ, ಒಳಗೆ ಏನೂ ಇಲ್ಲ. ಅಕ್ಕನ ಹನ್ನೊಂದೂ ತಪ್ಪು. ಬರೆದುಕೊಂಡ ಎತ್ತರವನ್ನು ಹಾಗೆಯೇ ಬಿಟ್ಟು ಕೆಳಗೆ ಷರಾ ಸೇರಿಸಿದ: 'ಇದರಲ್ಲಿ ನಮ್ಮಕ್ಕನ ಹನ್ನೊಂದು ಬೆರಳು ಸೇರಿವೆ. ಕಳೆಯಬೇಡಿ.' ಎಂಜಿನಿಯರು ಓದಿ, ತಲೆಯಾಡಿಸಿ, ಕಳೆಯದೆ ಕಟ್ಟಿಸಿದಳು.

ಫಲಕ ಸಿಗಲಿಲ್ಲ. ಮದುವೆಯ ಫೋಟೋ ಮತ್ತೆ ಮೊಳೆಗೇರಿತು. ಮುಂದಿನ ವರ್ಷ ಅಕ್ಕ ತೋಳು ಎತ್ತಲಾಗದೆ, ಸುಣ್ಣ ಒಣಗಿದ ಮೇಲೆ ಇದ್ದಿಲನ್ನು ತಮ್ಮನ ಕೈಗೆ ಕೊಟ್ಟಳು. ಹಳೆಯ ಗೆರೆಯ ಎತ್ತರವನ್ನು ಅವನು ಮೊದಲೇ ಅಳೆದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದ. ಎರಡು ಬಾರಿ ತಾಳೆ ನೋಡಿದ. ಆಮೇಲೆ ಒಂದು ಬೆರಳು ಮೇಲೆ ಎಳೆದ.