ಬಿಚ್ಚದೆ ಹೋದ ಹೆಗಲ ಚೀಲ

ಹುಣಸೆಮರದ ನೆರಳಲ್ಲಿ ಮುದುಕ ಕಂಬಳಿ ಹಾಸಿ, ಬುತ್ತಿಗಂಟನ್ನು ಮುಂದಿಟ್ಟುಕೊಂಡು, ನಾನೂ ಚೀಲ ಬಿಚ್ಚಲೆಂದು ಕಾಯುತ್ತ ಕುಳಿತ. ಹೊಸದುರ್ಗದಿಂದ ಮತ್ತೋಡಿನ ಶಾಲೆಗೆ ಮೇಷ್ಟರಾಗಿ ನಡೆದು ಹೊರಟಿದ್ದ ನನಗೆ ನಸುಕಿನಲ್ಲೇ ಜೊತೆಯಾದ ಕುರಿಗಾಹಿ ಆತ. ನಮ್ಮ ಕಡೆ ದಾರಿಯ ಜೊತೆಗಾರರು ಒಟ್ಟಿಗೇ ಬುತ್ತಿ ಬಿಚ್ಚುತ್ತಾರೆ. ಒಬ್ಬ ಉಣ್ಣದಿದ್ದರೆ ಇನ್ನೊಬ್ಬನೂ ಉಣ್ಣುವುದಿಲ್ಲ.

ನನ್ನ ಚೀಲದ ತುಂಬ ಇದ್ದದ್ದು ಇಂಗ್ಲಿಷ್ ಕಥೆಪುಸ್ತಕಗಳು. ಭಾರವಾಗುತ್ತದೆಂದು ಬುತ್ತಿಯನ್ನೇ ಬಿಟ್ಟು ಬಂದಿದ್ದೆ. ಹಾಗೆಂದು ಹೇಳಲು ನಾಚಿಕೆಯಾಗಿ, "ನಂದು ಊಟ ಆಗೈತೆ ಅಜ್ಜ, ನೀನು ಉಣ್ಣು" ಎಂದೆ.

ನಸುಕಿನಿಂದ ಜೊತೆಗಿದ್ದವನಿಗೆ ಅದು ಸುಳ್ಳೆಂದು ಗೊತ್ತಿತ್ತು. ಒಂದು ಗಳಿಗೆ ನನ್ನ ಮುಖ ನೋಡಿ, ಅರ್ಧ ಬಿಚ್ಚಿದ್ದ ಗಂಟನ್ನು ಮತ್ತೆ ಕಟ್ಟಿದ.

"ನಮ್ಮಂಥೋರ ಜೊತೆ ಕುಂತು ಉಣ್ಣಾದು ನಿಮಗಾಗಲ್ಲ ಅಂತ ಕಾಣ್ತೈತೆ. ಇರ್ಲಿ ಬಿಡ್ರಿ ಮೇಷ್ಟ್ರೇ, ಹೋಗಾಣ."

ನಾನು ಚೀಲವನ್ನು ಬಿಚ್ಚದೆಯೇ ಹೆಗಲಿಗೇರಿಸಿಕೊಂಡು ಎದ್ದೆ. ಉಳಿದ ದಾರಿಯನ್ನು ಇಬ್ಬರೂ ಹಸಿದುಕೊಂಡೇ ನಡೆದೆವು. ಮತ್ತೋಡು ಬಂದೊಡನೆ ಆತ ಕೈಮುಗಿದು ತನ್ನ ಹಾದಿ ಹಿಡಿದ.

ಚೀಲ ಬಿಚ್ಚಿ ಒಳಗಿದ್ದದ್ದನ್ನು ತೋರಿಸಿದ್ದರೆ ಸಾಕಿತ್ತು. ಆತ ನಕ್ಕು, ತನ್ನ ರೊಟ್ಟಿಯಲ್ಲೇ ಅರ್ಧ ಕೊಡುತ್ತಿದ್ದ. ಆ ಪುಸ್ತಕಗಳಲ್ಲಿ ಊರೂರು ತಿರುಗುವವರೆಲ್ಲ ಹೆಗಲ ಚೀಲ ಇಳಿಸಿ, ಗುರುತಿಲ್ಲದವನಿಗೂ ರೊಟ್ಟಿ ಮುರಿದು ಕೊಡುತ್ತಾರೆ. ಮಕ್ಕಳಿಗೆ ಓದಿ ಹೇಳುವಾಗ ಆ ಭಾಗ ಬಂದರೆ, ಈಗ ಸುಮ್ಮನೆ ಪುಟ ಮಗುಚಿ ಮುಂದೆ ಹೋಗುತ್ತೇನೆ.