ಹೊಳೆಯ ಮಂಜಿಗೆ ಹಚ್ಚಿಸಿದ ಕೆಂಪು

ಹೋದ ವಾರ ಕಿಟಕಿಯ ಸರಳುಗಳಿಗೆ ಬಣ್ಣ ಹೊಡೆಸಿದೆವು. ಟರ್ಪಂಟೈನ್ ವಾಸನೆ ಮನೆಯಿಡೀ ತುಂಬಿ ಎರಡು ದಿನ ತಲೆನೋವು. ಉಳಿದವರೆಲ್ಲ ಗೊಣಗುತ್ತ ಹೊರಗೆ ಹೋಗಿ ಕೂತರು. ನಾನು ಮಾತ್ರ ಅಲ್ಲೇ ಇದ್ದೆ... ಎದುರುಮನೆಯ ಪೇಂಟರಣ್ಣನ ಅಂಗಿಯಿಂದ ಬರುತ್ತಿದ್ದುದು ಇದೇ ವಾಸನೆ.

ಹೊನ್ನಾಳಿ ಪೇಟೆಯ ಅರ್ಧ ಅಂಗಡಿಗಳಿಗೆ ಬೋರ್ಡು ಬರೆದವರು ಅವರು. ಗೊಬ್ಬರದ ಅಂಗಡಿಗೆ ಹಸಿರು, ಬಟ್ಟೆ ಅಂಗಡಿಗೆ ಗುಲಾಬಿ, ಹೋಟೆಲಿಗೆ ಹಳದಿಯ ಮೇಲೆ ಕೆಂಪು. ಬಾಯಿ ಸತ್ತ ಮನುಷ್ಯ. ಗಿರಾಕಿ ಹೇಳಿದ ಬಣ್ಣಕ್ಕೆ ಎಂದೂ ಎದುರಾಡಿದವರಲ್ಲ. ಚಳಿಗಾಲ ಬಂತೆಂದರೆ ಮಾತ್ರ ಬೆಳಿಗ್ಗೆ ಹೊಳೆ ಕಡೆ ಹೋಗಿ ನಿಲ್ಲುವರು. ತುಂಗಭದ್ರೆಯ ಮಂಜು ಸೇತುವೆಯನ್ನು ನುಂಗಿ ಪೇಟೆಯ ಹೆಂಚುಗಳ ಮೇಲೆ ಇಳಿಯುವುದನ್ನು ನೋಡಿ ಬಂದು, ಖಾಲಿ ತಗಡಿನ ಮೇಲೆ ಅದನ್ನೇ ಬರೆಯುವರು. ಅದಕ್ಕೆ ಹೊಸ ಬಣ್ಣ ಮುಟ್ಟುತ್ತಿರಲಿಲ್ಲ. ಬ್ರಷ್ ತೊಳೆದ ಡಬ್ಬಿಯ ತಳದಲ್ಲಿ ಎಲ್ಲ ಬಣ್ಣಗಳೂ ಕಲೆತು ಬೂದಿಯಂತಾಗಿ ಕೂತಿರುತ್ತಿತ್ತಲ್ಲ, ಅಷ್ಟೇ ಅವರಿಗೆ ಸಾಕು.

"ಹೊಸ ಡಬ್ಬಿ ಒಡೆಯಲ್ವಾ ಪೇಂಟರಣ್ಣ?" ಎಂದು ಕೇಳಿದ್ದೆ ಒಮ್ಮೆ.

"ಚಳಿಗಾಲದಾಗೆ ಊರಿಗೇ ಬಣ್ಣ ಇರಲ್ಲ ಟೀಚರ್. ನಾನೆಲ್ಲಿಂದ ತರ್ಲಿ?"

ಬೋರ್ಡಿನ ಆರ್ಡರ್ ಬಂದ ಕೂಡಲೇ ಆ ಚಿತ್ರದ ಮೇಲೇ ಬಿಳಿ ಬಳಿದು ಅಂಗಡಿಯ ಹೆಸರು ಬರೆದುಬಿಡುವರು. ಹಾಗಾಗಿ ಒಂದೂ ಉಳಿಯುತ್ತಿರಲಿಲ್ಲ. ನಮ್ಮ ಗೃಹಪ್ರವೇಶದ ಹೊತ್ತಿಗೆ ಒಂದನ್ನಾದರೂ ಉಳಿಸಿಕೊಳ್ಳೋಣವೆಂದು ಕೇಳಿ ಪಡೆದೆ. ಅರ್ಧ ಕಾಣುವ ಸೇತುವೆ, ಬಾಗಿಲು ತೆರೆಯದ ಅಂಗಡಿಗಳ ಬೀದಿ, ಕಂಬಳಿ ಹೊದ್ದು ಹೋಗುವ ಒಬ್ಬ ಮುದುಕ. ಅದರ ಮುಂದೆ ನಿಂತರೆ ನಮ್ಮ ದನಿ ತಾನಾಗಿ ತಗ್ಗುತ್ತಿತ್ತು.

ಅತ್ತೆ ಮೂಗು ಮುರಿದರು. "ಹೊಸ ಮನೆಯಾಗೆ ಇಂಥ ಸೂತಕದ ಬಣ್ಣ ಯಾಕಮ್ಮ? ಒಂಚೂರು ಅರಿಶಿನ ಕುಂಕುಮದ ಕಳೆ ಬ್ಯಾಡ್ವಾ?"

ಅಡಿಗೆಯವರು, ನೆಂಟರು, ಪುರೋಹಿತರು... ಎಲ್ಲರ ಮಧ್ಯೆ ಅತ್ತೆಯ ಜೊತೆ ವಾದಿಸುವ ತ್ರಾಣ ನನಗಿರಲಿಲ್ಲ. ತಗಡನ್ನು ಎತ್ತಿಕೊಂಡು ಎದುರುಮನೆಗೆ ಹೋದೆ. "ಒಂಚೂರು ಕಳೆ ಬರೋ ಹಂಗೆ ಮಾಡಿಕೊಡ್ರಿ ಪೇಂಟರಣ್ಣ" ಅಂದೆ. ಅವರು ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿ, ಹೊಸ ಡಬ್ಬಿ ಒಡೆದರು. ಸಂಜೆಯ ಹೊತ್ತಿಗೆ ಆಕಾಶ ನೀಲಿ, ಬಾಗಿಲುಗಳು ಹಳದಿ, ಮುದುಕನ ಕಂಬಳಿ ಅಪ್ಪಟ ಕುಂಕುಮದ ಕೆಂಪು. ಅತ್ತೆಗೆ ಬಹಳ ಹಿಡಿಸಿತು.

ಅಂದು ನಾನೂ ಅವರ ಇನ್ನೊಬ್ಬ ಗಿರಾಕಿಯಾದೆ. ಆಮೇಲಿನ ಚಳಿಗಾಲಗಳಲ್ಲಿ ಅವರು ಹೊಳೆ ಕಡೆ ಹೋದದ್ದನ್ನು ನಾನು ಕಾಣಲಿಲ್ಲ. ಯಾಕೆಂದು ಕೇಳಲು ಧೈರ್ಯವೂ ಬರಲಿಲ್ಲ. ಪೇಟೆಗೆ ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸವೂ ನಿಂತಿತು.

ಅವರು ತೀರಿಕೊಂಡು ವರ್ಷವಾಯಿತು. ನಿನ್ನೆ ಅವರ ಮಗಳು ನ್ಯಾಮತಿಯಿಂದ ಬಂದಿದ್ದಳು. ನನ್ನ ಕೈಯಲ್ಲೇ ಅಕ್ಷರ ಕಲಿತವಳು.

"ಅಪ್ಪಾಜಿ ಚಳಿಗಾಲದ ಚಿತ್ರ ಬರೀತಿದ್ರಲ್ಲ ಟೀಚರ್, ನಮ್ಮತ್ರ ಒಂದೂ ಇಲ್ಲ. ನಿಮ್ಮನೆಯಾಗೆ ಒಂದೈತೆ ಅಂತ ಅಮ್ಮ ಅಂತಿದ್ಲು."

ನಡುಮನೆಯ ಗೋಡೆ ತೋರಿಸಿದೆ. ಅವಳು ಹತ್ತಿರ ಹೋಗಿ ನೋಡಿದಳು, ದೂರ ನಿಂತು ನೋಡಿದಳು.

"ಇದಲ್ಲ ಬಿಡ್ರಿ" ಅಂದಳು. "ಇದು ಬ್ಯಾರೆ ಯಾರೋ ಬರ್ದಿರೋದು."

ಒಳಗಿರುವುದು ನಿಮ್ಮಪ್ಪನದೇ, ಮೇಲಿನದು ನಾನು ಹೊಡೆಸಿದ್ದು ಎಂದು ಹೇಳಬೇಕಿತ್ತು. ಒಳಗೆ ಹೋಗಿ ಟೀಗೆ ನೀರಿಟ್ಟೆ. ಟೀ ಕುಡಿದು ಅವಳು ಬಸ್ಸಿಗೆ ಹೊರಟಳು. "ಬ್ಯಾರೆ ಯಾರ ಮನೆಯಾಗಾದ್ರೂ ಐತೇನೋ ವಿಚಾರಿಸ್ತೀನಿ" ಅಂದಳು. ಆಗಲಿ ಎಂದು ತಲೆಯಾಡಿಸಿದೆ. ಇನ್ಯಾರ ಮನೆಯಲ್ಲೂ ಇಲ್ಲವೆಂದು ನನಗೆ ಗೊತ್ತಿತ್ತು.