ಮುಳ್ಳುತಂತಿಯಾಚೆಗೆ ಒಂದು ಚೀಲ ರಾಬ್

ಹುಳಿ ಮಜ್ಜಿಗೆಯಲ್ಲಿ ನೆನೆದ ಸಜ್ಜೆಹಿಟ್ಟು ಒಲೆಯ ಮೇಲೆ ಕುದಿಯತೊಡಗಿದರೆ ಖೇತಾರಾಮ್ ಅವರಿಗೆ ಅಜ್ಜಿಯ ಮಣ್ಣಿನ ಗಡಿಗೆ ನೆನಪಾಗುತ್ತದೆ. ಮೂಗಿಗೆ ಚುರುಕ್ಕೆನ್ನುವ ಹುಳಿ, ಅದರ ಬೆನ್ನಿಗೇ ಬೆರಣಿಯ ಹೊಗೆ. ಬಾಡಮೇರಿನ ಮರಳೂರಿನಲ್ಲಿ ಆ ವಾಸನೆ ಬಂತೆಂದರೆ ಮಕ್ಕಳು ಏಳುವ ಹೊತ್ತಾಯಿತೆಂದೇ ಲೆಕ್ಕ. ಮಲೇಷ್ಯಾದ ಪೆಟಾಲಿಂಗ್ ಜಯಾದ ಈ ಸಸ್ಯಾಹಾರಿ ಹೋಟೆಲಿನಲ್ಲಿ ಬೆರಣಿಯಿಲ್ಲ, ಗ್ಯಾಸ್ ಇದೆ. ಹುಳಿ ಮಾತ್ರ ಅದೇ.

ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಖೇತಾರಾಮ್ ಸೌಟು ತಿರುಗಿಸುತ್ತ ಗೊಣಗುತ್ತಿದ್ದಾರೆ. ನಿನ್ನೆ ಅವರು ಕಳಿಸಿದ ರಾಬ್ ಕಸದ ಬುಟ್ಟಿ ಸೇರಿದೆ. ರಾಬ್ ಅಂದರೆ ಈ ಸಜ್ಜೆಗಂಜಿಯೇ.

"ಮೂಸಿ ನೋಡಿ ಚೆಲ್ಯಾರ್ರೀ! ಕೆಟ್ಟೈತಿ ಅಂತ! ಅಲ್ಲಿ ಒಬ್ಬಾಂವ ಅದಕ್ಕಂತನ ಹಸಗೊಂಡು ಕುಂತಾನ. ಯಾರಿಗೆ ಹೇಳೂದು?"

ಹಸಿದು ಕುಳಿತವರು ಜುಮ್ಮಾ, ಪಕ್ಕದ ಕಾರು ತೊಳೆಯುವ ಅಂಗಡಿಯ ಕೆಲಸಗಾರ. ಇದು 2020ರ ಮೇ ತಿಂಗಳು. ಸೋಂಕು ಕಂಡಿತೆಂದು ಅವರ ಬಿಡಾರವಿರುವ ಬೀದಿಗೆ ಮುಳ್ಳುತಂತಿ ಸುತ್ತಿದ್ದಾರೆ. ಜುಮ್ಮಾಗೆ ಸೋಂಕಿಲ್ಲವೆಂದು ಪರೀಕ್ಷೆಯಲ್ಲಿ ಬಂದರೂ ಬೇರೇನೋ ಜ್ವರ ಬಂದು ಹೋಗಿದೆ. ಹಂಚುವ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ.

ಜುಮ್ಮಾ ಪಾಕಿಸ್ತಾನದ ಥಾರ್‌ಪಾರ್ಕರಿನವರು, ಖೇತಾರಾಮ್ ಗಡಿಯ ಈಚೆಗಿನ ರಾಜಸ್ಥಾನದವರು. ಮರಳು ಒಂದೇ, ಮಾತೂ ಹೆಚ್ಚುಕಡಿಮೆ ಒಂದೇ. "ನಮ್ಮಜ್ಜಿ ತವರು ಆ ಕಡೀನ ರೀ. ಬೇಲಿ ಬಂತು, ಬೇಲಿಗೆ ದೀಪಾ ಬಂದುವು, ತವರು ಹೋತು."

ಅಲ್ಲಿ ಮಳೆ ಬಂದರೆ ಸಜ್ಜೆ, ಗೋರಿಕಾಯಿ. ಬಾರದಿದ್ದರೆ ಆಡುಗಳೇ ಗತಿ. ಅಂಗಳದಡಿಯ ತೊಟ್ಟಿಯಲ್ಲಿ ಕೂಡಿಟ್ಟ ಮಳೆನೀರಿಗೆ ಬೀಗ. "ನೆಲಾ ಕೊರದ್ರ ಎಣ್ಣಿ ಸಿಕ್ತು, ನೀರು ಸಿಗಲಿಲ್ಲ ನೋಡ್ರಿ!" ಹಾಗಾಗಿ ಗಂಡುಮಕ್ಕಳು ಊರು ಬಿಡುತ್ತಾರೆ. ಖೇತಾರಾಮ್ ಹುಬ್ಬಳ್ಳಿಯಲ್ಲಿ ಚಿಕ್ಕಪ್ಪನ ಮಿಠಾಯಿ ಅಂಗಡಿಗೆ ಸೇರಿದರು. ಕನ್ನಡ ಬಂದದ್ದು ಅಲ್ಲಿಂದ. ಆಮೇಲೆ ಮಲೇಷ್ಯಾ.

ಇಲ್ಲಿ ಅವರು ಮಾಡುವ ದಾಲ್‌ಬಾಟಿಯನ್ನು, ಅಂದರೆ ಬೇಳೆಯೊಡನೆ ತಿನ್ನುವ ಸುಟ್ಟ ಗೋಧಿ ಉಂಡೆಯನ್ನು, ಹತ್ತಿರದ ಪುಚೊಂಗ್‌ನ ನಮ್ಮ ಕನ್ನಡದವರೇ ತಪಾವ್, ಎಂದರೆ ಪಾರ್ಸೆಲ್, ಕಟ್ಟಿಸಿಕೊಂಡು ಹೋಗುತ್ತಾರೆ. ಆ ಮಾತೆತ್ತಿದರೆ ಸೌಟು ಮೇಲೇಳುತ್ತದೆ. "ಬಾಟಿ ಪುಡಿ ಮಾಡಿ ತುಪ್ಪಾ ಹಾಕ್ಕೋರಿ ಅಂದ್ರ, ವಡಿಗತೆ ಇಡೀದು ಸಾಂಬಾರಿನ್ಯಾಗ ಮುಳಗಸ್ತಾರ! ಆಮ್ಯಾಲ ಫೋನ್ ಮಾಡಿ, 'ಕಲ್ಲು ಕೊಟ್ಟಿದೀಯಲ್ಲಣ್ಣಾ' ಅಂತಾರ. ಮ್ಯಾಲ ಕೇಳ್ತಾರ, ನೀವು ಸಾಲಿಗೆ ಒಂಟಿ ಮ್ಯಾಲ ಹೋಗ್ತಿದ್ರೇನು ಅಂತ!"

ಬೈಗುಳ ಮುಗಿಯುವಷ್ಟರಲ್ಲಿ ರಾಬ್ ಆರಿದೆ. ಇಲ್ಲಿ ಚಹಾ ಕಟ್ಟಿಕೊಡುವಂತೆ ಅದನ್ನೊಂದು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಬಾಯಿಗೆ ದಾರ ಬಿಗಿದು, ಮಾಸ್ಕ್ ಏರಿಸಿ ಹೊರಡುತ್ತಾರೆ.

ತಂತಿಯ ಬಳಿ ಊಟ ಪಡೆದು ಒಳಗೆ ಕೊಡುವ ಸ್ವಯಂಸೇವಕಿ ಅಮೂಲ್ಯಾ. ಮೈಸೂರಿನವರು, ಸಾಫ್ಟ್‌ವೇರ್ ಕೆಲಸ. ಚೀಲ ಕಂಡೊಡನೆ ಅವರ ಹುಬ್ಬು ಗಂಟಾಗುತ್ತದೆ.

"ಅಣ್ಣಾ, ಇವತ್ತೂ ಅದೇನಾ? ಸ್ಮೆಲ್ ನೋಡಿ. ಯಾರಿಗಾದ್ರೂ ಹೊಟ್ಟೆ ಕೆಟ್ರೆ ನನ್ನನ್ನೇ ಕೇಳ್ತಾರೆ."

"ಅದು ಹುಳಿ ಬರಬೇಕಲ್ರೀ ಅಕ್ಕಾರ! ಹುಳಿ ಬರದಿದ್ರನ ಅದು ಕೆಟ್ಟಂಗ! ನಿಮ್ಮ ಮನ್ಯಾಗ ಯಾರೂ ಅಂಬ್ಲಿ ಕುಡದಿಲ್ಲೇನು?"

ಅಮೂಲ್ಯಾ ಎರಡು ಹೆಜ್ಜೆ ಹಿಂದೆ ಸರಿದು, ಮಾಸ್ಕ್ ಇಳಿಸಿ, ಮತ್ತೊಮ್ಮೆ ಮೂಸುತ್ತಾರೆ. ಈ ಸಲ ಮುಖ ಸಿಂಡರಿಸುವುದಿಲ್ಲ.

"ನಮ್ಮಜ್ಜಿ ರಾಗಿ ಅಂಬಲಿ ಮಾಡೋರು," ಎನ್ನುತ್ತಾರೆ ಮೆಲ್ಲಗೆ. "ಸಾರಿ ಅಣ್ಣಾ. ನಿನ್ನೆ ಚೆಲ್ಲಿದ್ದು ನಾನೇ."

"ಹೋಗ್ಲಿ ಬಿಡ್ರಿ," ಎನ್ನುತ್ತಾರೆ ಖೇತಾರಾಮ್, ಬಿಟ್ಟವರಂತೇನೂ ಕಾಣದೆ.

ತಂತಿಯಾಚೆ ಗೋಡೆಗೊರಗಿ ನಿಂತ ಜುಮ್ಮಾ ತಮ್ಮ ಮಾತಿನಲ್ಲಿ ಕೂಗುತ್ತಾರೆ. ಖೇತಾರಾಮ್ ಅದನ್ನು ಕನ್ನಡಕ್ಕಿಳಿಸುತ್ತಾರೆ: "ನಿನ್ನೆ ಎಲ್ಲಿ ಸತ್ತಿದ್ದಿ ಜಿಪುಣಾ, ಇವತ್ತು ನೀರಿನಂಥ ರಾಬ್ ತಂದಿಯೇನು, ಅನ್ನಾಕತ್ತಾನ. ಕಾಲಿನ್ಯಾಗ ಕಸುವಿಲ್ಲ, ಬಾಯಿ ನೋಡ್ರಿ!"

ನಿಮಗೇನು ಬೇಕು ಎಂದು ಕೇಳಿದರೆ ಖೇತಾರಾಮ್ ಅವರ ದನಿ ತಗ್ಗುತ್ತದೆ. "ಊರಾಗೂ ತಂತಿ, ಇಲ್ಲೂ ತಂತಿ. ಸಾಕಾಗೇತಿ. ಇದೊಂದರ ತಗೀಲಿ. ಮೊದಲಿನಂಗ ಆಂವ ನಮ್ಮ ಹಿತ್ತಲ ಬಾಗಿಲಿಗೆ ಬಂದು, ಬೈಕೋತ ಕುಡೀಲಿ."

ಅಮೂಲ್ಯಾ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ, ಮುಳ್ಳು ತಾಗದಂತೆ ತಂತಿಯ ಮೇಲಿಂದ ಜುಮ್ಮಾರ ಕೈಗೆ ಇಳಿಸುತ್ತಾರೆ.